ಹಳೇ ಗಿಟಾರಿಗೆ ಹೊಸ ಬಣ್ಣ ಹೊಡೆಸಲಾ? ರೋರಿ ಗ್ಯಾಲಹರ್‌ನ ಸ್ಟ್ರಾಟ್ ನೋಡಿ ಗೊಂದಲಕ್ಕೆ ಬಿದ್ದಿದೀನಿ

ಕೆಂಗೇರಿ_ಕಾರ್ಡ್

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಿದ್ರು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಊರಹಬ್ಬ, ಮದುವೆ ಆರತಕ್ಷತೆ, ಯಾರು ಕರೆದ್ರೂ ಮೆಟಾಡೋರ್ ಹತ್ಕೊಂಡು ಹೋಗೋರು. ಆ ಗಿಟಾರ್ ಹೋದ ತಿಂಗಳು ನನ್ನ ಕೈಗೆ ಬಂತು. ಸ್ಟ್ರಾಟ್ ಆಕಾರ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಅನ್ನೋ ಎಲೆಕ್ಟ್ರಿಕ್ ಗಿಟಾರ್ ಥರ), ಸನ್‌ಬರ್ಸ್ಟ್ ಬಣ್ಣ, ಅಂದ್ರೆ ನಡುವೆ ತಿಳಿ, ಅಂಚಿಗೆ ಗಾಢ. ತಲೆ ಮೇಲಿದ್ದ ಹೆಸರು ಯಾವತ್ತೋ ಅಳಿಸಿಹೋಗಿದೆ, ಯಾವ ಕಂಪನಿದು ಅಂತ ಮಾವಂಗೂ ನೆನಪಿಲ್ಲ. ಬಲಗೈ ಮೊಣಕೈ ಕೂರೋ ಜಾಗದಲ್ಲಿ ಬಣ್ಣ ಪೂರ್ತಿ ಹೋಗಿ ಅಂಗೈಯಗಲ ಮರ ಕಾಣ್ತಿದೆ. ಅಂಚಲ್ಲೆಲ್ಲ ಚಕ್ಕೆ ಎದ್ದಿದೆ.

ನಮ್ಮ ಏರಿಯಾದಲ್ಲಿ ಕಾರಿಗೆ ಪೇಂಟ್ ಹೊಡೆಯೋರು ಒಬ್ಬರು "ಆರು ಸಾವಿರ ಕೊಡಿ, ಶೋರೂಮ್ ಪೀಸ್ ಮಾಡಿಕೊಡ್ತೀನಿ" ಅಂದಿದಾರೆ. ಒಪ್ಪಿಕೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ರಾತ್ರಿ ಯಾವುದೋ ವಿಡಿಯೊದಲ್ಲಿ ರೋರಿ ಗ್ಯಾಲಗರ್ ಅನ್ನೋ ಐರ್ಲೆಂಡಿನ ಗಿಟಾರಿಸ್ಟ್‌ನ ಗಿಟಾರ್ ನೋಡಿದೆ. ನಮ್ಮ ಮಾವಂದು ಅದರ ಮುಂದೆ ಮದುಮಗಳು! ಮೈಮೇಲೆ ಬಣ್ಣ ಅನ್ನೋದು ಅಲ್ಲೊಂದು ತೇಪೆ ಇಲ್ಲೊಂದು ತೇಪೆ. ಅದು 2024ರಲ್ಲಿ ಹರಾಜಾಗಿ ಕೋಟಿಗಟ್ಟಲೆ ಹೋಯ್ತಂತೆ. ನಿಜಾನಾ? ಹಾಗಿದ್ರೆ ನಾನು ಬಣ್ಣ ಹೊಡೆಸಬೇಕಾ ಬಿಡಬೇಕಾ?

ಬೆಸುಗೆಕಡ್ಡಿ

ಗುರುವೇ, ಮೊದಲು ಆ ಪೇಂಟ್ ಅಂಗಡಿಯವರಿಗೆ ಫೋನ್ ಮಾಡಿ "ಈಗ ಬೇಡ" ಅಂತ ಹೇಳು. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಲಿಫಿದಂಡೆ

ಡಬ್ಲಿನ್‌ನಿಂದ ಬರೀತಿದೀನಿ. ಮೊದಲು ಹೆಸರು ಸರಿಮಾಡಿಬಿಡ್ತೀನಿ, ಇಲ್ಲಾಂದ್ರೆ ಇಲ್ಲಿಯವರು ನನ್ನ ಮೇಲೆ ಮುನಿಸ್ಕೋತಾರೆ. ಗ್ಯಾಲಗರ್ ಅಲ್ಲ, ಗ್ಯಾಲಹರ್. ಎರಡನೇ "ಗ" ಬಾಯಿಗೆ ಬರಲ್ಲ. ನಾನೂ ಬಂದ ಹೊಸದ್ರಲ್ಲಿ ಗ್ಯಾಲಗರ್ ಅಂದು ಆಸ್ಪತ್ರೆಯಲ್ಲಿ ಒಬ್ಬ ಅಜ್ಜನ ಹತ್ರ ಪಾಠ ಹೇಳಿಸ್ಕೊಂಡಿದೀನಿ. ರೋರಿ ವಿಷಯ ನನಗೆ ಹೇಳಿದ್ದೇ ಆ ಅಜ್ಜ.

ಹರಾಜಿನ ವಿಷಯ ನಿಜ. 2024ರ ಅಕ್ಟೋಬರ್ 17, ಲಂಡನ್‌ನ ಬಾನಮ್ಸ್‌ನಲ್ಲಿ, ಕಮಿಷನ್ ಎಲ್ಲ ಸೇರಿ 8,89,400 ಪೌಂಡ್. ನಮ್ಮ ಲೆಕ್ಕದಲ್ಲಿ ಒಂಬತ್ತೂವರೆ ಕೋಟಿ ಮೇಲೆ. ಅದಕ್ಕೆ ಮೊದಲು ಇಲ್ಲಿ ದೊಡ್ಡ ಗಲಾಟೆನೇ ಆಗಿತ್ತು, ಸರ್ಕಾರವೇ ಕೊಂಡ್ಕೋಬೇಕು, ಹೊರಗೆ ಹೋಗಬಾರದು ಅಂತ. ಕೊನೆಗೆ ಕೊಂಡದ್ದು ಇಲ್ಲಿನ ಸಂಗೀತ ಕಾರ್ಯಕ್ರಮಗಳ ಕಂಪನಿ, ಲೈವ್ ನೇಷನ್ ಗೇಯ್ಟಿ. ಕೊಂಡು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ರು.

ಡಬ್ಲಿನ್‌ನ ಟೆಂಪಲ್ ಬಾರ್ ಅನ್ನೋ ಏರಿಯಾದಲ್ಲಿ ರೋರಿ ಗ್ಯಾಲಹರ್ ಕಾರ್ನರ್ ಅಂತಾನೇ ಒಂದು ಮೂಲೆ ಇದೆ. ಗೋಡೆ ಮೇಲೆ ಅದೇ ಗಿಟಾರಿನ ಕಂಚಿನ ಪ್ರತಿ ನೇತುಹಾಕಿದಾರೆ. ರೋರಿ ಮುಖ ಅಲ್ಲ ನೋಡಿ, ಗಿಟಾರ್! ಊರಿಂದ ಬಂದ ಅಪ್ಪನಿಗೆ ತೋರಿಸಿದೆ. "ಯಾರದ್ದು ಈ ಮುರುಕಲು?" ಅಂದ್ರು.

ತಕರಾರು_ತಮ್ಮಣ್ಣ

ಒಂದು ಮಾತು. ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್‌ನ ಯಾರೋ "ಪ್ರಪಂಚದ ಅತಿ ದೊಡ್ಡ ಗಿಟಾರಿಸ್ಟ್ ಆಗಿರೋದು ಹೇಗನಿಸುತ್ತೆ?" ಅಂತ ಕೇಳಿದ್ದಕ್ಕೆ "ಹೋಗಿ ರೋರಿ ಗ್ಯಾಲಹರ್‌ನ ಕೇಳಿ" ಅಂದ ಅನ್ನೋ ಕಥೆ ಇಲ್ಲಿ ಯಾರಾದ್ರೂ ಹಾಕೋಕೆ ಮುಂಚೆ ಹೇಳ್ತೀನಿ: ಅದಕ್ಕೆ ದಾಖಲೆ ಇಲ್ಲ. ಇದೇ ಡೈಲಾಗನ್ನ ಟೆರ್ರಿ ಕ್ಯಾತ್, ಫಿಲ್ ಕೀಗಿ ಅನ್ನೋ ಬೇರೆ ಗಿಟಾರಿಸ್ಟ್‌ಗಳ ಹೆಸರಿಗೂ ಅಂಟಿಸಿದಾರೆ. ದಯವಿಟ್ಟು ಬೇಡ.

ಬೆಸುಗೆಕಡ್ಡಿ

ಟೈಪ್ ಮಾಡ್ತಿದ್ದೆ ಕಣಯ್ಯಾ, ಅಳಿಸಿದೆ. 😀

ಸರಿ, ಕಥೆಗೆ ಬರ್ತೀನಿ. ಈ ಗಿಟಾರಿನ ಪುರಾಣ ಗೊತ್ತಿಲ್ಲದೆ ಬಣ್ಣದ ಪ್ರಶ್ನೆಗೆ ಉತ್ತರ ಸಿಗಲ್ಲ.

ಫೆಂಡರ್ ಸ್ಟ್ರಾಟೊಕಾಸ್ಟರ್ ಶುರುವಾಗಿದ್ದು 1954ರಲ್ಲಿ. ರೋರಿದು 1961ರದ್ದು, ಸೀರಿಯಲ್ ನಂಬರ್ 64351. ಅದನ್ನ ಮೊದಲು ತರಿಸಿದ್ದು ರೋರಿ ಅಲ್ಲ, ಐರ್ಲೆಂಡಿನ ರಾಯಲ್ ಶೋಬ್ಯಾಂಡ್‌ನ ಜಿಮ್ ಕಾನ್ಲನ್. ಆತ ಕೇಳಿದ್ದು ಕೆಂಪು ಬಣ್ಣದ್ದು. ಆಗ ಇಂಗ್ಲೆಂಡಿನ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್ ಕೈಲಿ ಕೆಂಪು ಸ್ಟ್ರಾಟ್ ಇತ್ತಲ್ಲ, ಎಲ್ಲರಿಗೂ ಅದೇ ಬೇಕು. ಬಂದದ್ದು ಸನ್‌ಬರ್ಸ್ಟ್. ಕೆಂಪು ಬರೋ ತನಕ ಇದರಲ್ಲೇ ನುಡಿಸಿ, ಅದು ಬಂದ ಮೇಲೆ ಇದನ್ನ ಬಿಟ್ಟುಕೊಟ್ಟ. ಹಾಗೆ ಅದು ಕಾರ್ಕ್ ಊರಿನ ಕ್ರೌಲಿ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕಿಟಕಿಗೆ ಬಂತು. ಐರ್ಲೆಂಡಿಗೆ ಬಂದ ಮೊದಲನೇ ಸ್ಟ್ರಾಟ್ ಇದೇ ಅನ್ನೋ ಮಾತಿದೆ.

1963ರ ಆಗಸ್ಟ್. ಹುಡುಗನಿಗೆ 15 ವರ್ಷ. ಬೆಲೆ ಸುಮಾರು 100 ಪೌಂಡ್, ಕಂತಿನ ಮೇಲೆ. ಅವರ ತಮ್ಮ ಡೋನಲ್ ಹೇಳೋ ಪ್ರಕಾರ, ಅಮ್ಮ "ಜೀವಮಾನ ಪೂರ್ತಿ ಸಾಲದಲ್ಲೇ ಇರಬೇಕಾಗುತ್ತೆ" ಅಂತ ಹೆದರಿಕೊಂಡರಂತೆ. ಅದಕ್ಕೆ ರೋರಿ ಕೊಟ್ಟ ಲೆಕ್ಕ ಕೇಳಿ: ಇಂಥ ಗಿಟಾರ್ ಇದ್ರೆ ಹಿಂದೆ ತಾಳ ಹಿಡಿಯೋ ರಿದಮ್ಮೂ ನಾನೇ, ಮುಂದೆ ರಾಗ ನುಡಿಸೋ ಲೀಡೂ ನಾನೇ, ಇನ್ನೊಬ್ಬ ಗಿಟಾರಿನವನು ಬೇಕಾಗಲ್ಲ, ಅವನ ಪಾಲೂ ನನಗೇ ಬರುತ್ತೆ, ಸಾಲ ತೀರುತ್ತೆ!

ನಾನು ಕಂಪ್ಯೂಟರ್ ಕೊಡಿಸಿ ಅಂತ ಅಪ್ಪನ ಹತ್ರ ಹೇಳಿದ ಲೆಕ್ಕಾನೂ ಹೆಚ್ಚುಕಡಿಮೆ ಹೀಗೇ ಇತ್ತು. ಆದ್ರೆ ಆ ಹುಡುಗ ಹೇಳಿದಂಗೇ ಮಾಡಿ ತೋರಿಸಿದ. ಆಮೇಲೆ ಬಹಳ ವರ್ಷ ಬರೀ ಮೂರೇ ಜನದ ತಂಡ ಕಟ್ಟಿಕೊಂಡು ಆಡಿದ.

ಕೆಂಗೇರಿ_ಕಾರ್ಡ್

ಶೋಬ್ಯಾಂಡ್ ಅಂದ್ರೇನು ಅಣ್ಣಾ?

ಲಿಫಿದಂಡೆ

ನಿಮ್ಮ ಮಾವ ಇದ್ರಲ್ಲ, ಆರ್ಕೆಸ್ಟ್ರಾ? ಹೆಚ್ಚುಕಡಿಮೆ ಅದೇ. ಏಳೆಂಟು ಜನ, ಎಲ್ಲರಿಗೂ ಒಂದೇ ಥರ ಸೂಟು, ತುತ್ತೂರಿಯವರು ಇರ್ತಾರೆ, ಊರೂರಿನ ಡಾನ್ಸ್ ಹಾಲ್‌ಗಳಲ್ಲಿ ಆ ವಾರದ ಜನಪ್ರಿಯ ಹಾಡುಗಳನ್ನ ಹಾಗ್ಹಾಗೇ ನುಡಿಸೋದು. ಸ್ವಂತದ್ದೇನೂ ನಡೆಯಲ್ಲ. 50, 60ರ ದಶಕದಲ್ಲಿ ಐರ್ಲೆಂಡಿನ ಪಡ್ಡೆಗಳಿಗೆ ಸಂಗೀತ ಅಂದ್ರೆ ಅದೇ. ರೋರಿನೂ ಫಾಂಟಾನಾ ಅನ್ನೋ ಶೋಬ್ಯಾಂಡ್ ಸೇರಿಕೊಂಡೇ ಗಿಟಾರಿನ ಕಂತು ಕಟ್ಟಿದ್ದು. 1966ರಲ್ಲಿ ಅದೆಲ್ಲ ಬಿಟ್ಟು ಟೇಸ್ಟ್ ಅನ್ನೋ ಸ್ವಂತ ತಂಡ ಕಟ್ಟಿದ. 1970ರಲ್ಲಿ ಐಲ್ ಆಫ್ ವೈಟ್ ಉತ್ಸವದಲ್ಲಿ ಅದೇ ತಂಡ ನುಡಿಸಿತು, ಅದೇ ವರ್ಷ ಮುರಿದೂ ಬಿತ್ತು. ಆಮೇಲೆ ತನ್ನದೇ ಹೆಸರಲ್ಲಿ.

ಕೆಂಗೇರಿ_ಕಾರ್ಡ್

ಅಯ್ಯೋ, ಮಾವನ ಫೋಟೊ ಇದೆ, ಹನ್ನೊಂದು ಜನ ಒಂದೇ ನೀಲಿ ಕೋಟು! ಕೋಟು ತೋಳಿನ ಗುಂಡಿ ಉಜ್ಜಿ ಉಜ್ಜಿ ಬಣ್ಣ ಹೋಯ್ತು ಅಂತ ಮಾವಾನೇ ಹೇಳ್ತಾರೆ.

ಕಡಲಗಾಳಿ

ನಾನು ಉಡುಪಿ ಕಡೆಯವ. ಬಣ್ಣ ಯಾಕೆ ಹೋಯ್ತು ಅನ್ನುವ ವಿಷಯಕ್ಕೆ ನನ್ನದೂ ಸ್ವಲ್ಪ ಉಂಟು.

ರೋರಿಯ ಗಿಟಾರಿಗೆ ಎರಡು ನೀರು ಬಿದ್ದದ್ದು ಮಾರಾಯ್ರೆ. ಒಂದು ಮಳೆಯದ್ದು. 60ರ ದಶಕದ ನಡುವಿನಲ್ಲಿ ಡಬ್ಲಿನ್ನಿನಲ್ಲಿ ಅದು ಕಳವಾಯಿತು. ಕೆಲವು ದಿನ ಕಳೆದು ಸಿಕ್ಕಿದ್ದು ಎಲ್ಲಿ? ಗುಂಡಿಯಲ್ಲಿ, ಮಳೆಯಲ್ಲಿ ನೆನೆದುಕೊಂಡು. ಕದ್ದವನಿಗೂ ಬೇಡವಾಗಿತ್ತೋ ಏನೋ. ಇನ್ನು ಇದನ್ನು ಮಾರುವುದೂ ಇಲ್ಲ, ಇದಕ್ಕೆ ಬಣ್ಣ ಹೊಡೆಸುವುದೂ ಇಲ್ಲ ಅಂತ ರೋರಿ ಅವತ್ತೇ ನಿಶ್ಚಯ ಮಾಡಿದ್ದಂತೆ.

ಇನ್ನೊಂದು ಬೆವರಿನದ್ದು. ಆ ಮನುಷ್ಯ ಸ್ಟೇಜಿನಲ್ಲಿ ಎರಡು ಗಂಟೆ, ಮೂರು ಗಂಟೆ ನುಡಿಸುವುದು, ಚೌಕುಳಿ ಅಂಗಿ ಒದ್ದೆ ಮುದ್ದೆ. ಅವನದ್ದು ಅಪರೂಪದ ರಕ್ತದ ಗುಂಪು, ಅದಕ್ಕೇ ಬೆವರಿನಲ್ಲಿ ಆಮ್ಲ ಜಾಸ್ತಿ, ಬಣ್ಣ ತಿಂದುಹಾಕಿತು ಅಂತ ಅವನ ತಮ್ಮ ಡೋನಲ್ ಹೇಳುವುದು.

ಸುಳ್ಳು ಅಂತ ಹೇಳಲಿಕ್ಕೆ ನನಗೆ ಮನಸ್ಸಿಲ್ಲ. ನಮ್ಮ ಮನೆಯಲ್ಲೇ ನೋಡಿ. ನಾನು ಹಾಕಿದ ತಂತಿ ಒಂದು ತಿಂಗಳು ಬರ್ತದೆ. ಅಣ್ಣ ಒಂದು ಸಂಜೆ ಮುಟ್ಟಿದರೆ ಮಾರನೇ ದಿನಕ್ಕೆ ಬೆರಳಿಗೆ ಕರಿ ಹಿಡೀತದೆ, ವಾರದಲ್ಲಿ ತುಕ್ಕು. ಒಂದೇ ಅಮ್ಮನ ಮಕ್ಕಳು, ಒಂದೇ ಸಾರು ಉಣ್ಣುವುದು.

ತಕರಾರು_ತಮ್ಮಣ್ಣ

ರಕ್ತದ ಗುಂಪಿಗೂ ಬೆವರಿಗೂ ಏನ್ ಸಂಬಂಧ ಸ್ವಾಮಿ? ಬೆವರು ಗ್ರಂಥಿಯಿಂದ ಬರೋದು, ಬ್ಲಡ್ ಬ್ಯಾಂಕಿಂದಲ್ಲ.

ಬೆಸುಗೆಕಡ್ಡಿ

ತಮ್ಮಣ್ಣ ಹೇಳೋದೂ ಸರಿ. ನಾನು ರಕ್ತದ ಕಡೆ ಹೋಗಲ್ಲ, ಬಣ್ಣದ ಕಡೆ ಹೋಗ್ತೀನಿ.

ಆ ಕಾಲದ ಸ್ಟ್ರಾಟ್‌ಗಳ ಮೇಲಿರೋದು ನೈಟ್ರೊಸೆಲ್ಯುಲೋಸ್ ಲ್ಯಾಕರ್. ತೆಳ್ಳಗೆ, ಹಪ್ಪಳದ ಥರ. ವಯಸ್ಸಾದಂತೆ ಗಡುಸಾಗಿ ಕೂದಲೆಳೆ ಬಿರುಕು ಬಿಡುತ್ತೆ. ಆ ಬಿರುಕಿಗೆ ಬೆವರು ಇಳಿಯುತ್ತೆ. ಅದರ ಮೇಲೆ ಮೂಳೆ ಇರೋ ಮೊಣಕೈ ವರ್ಷಕ್ಕೆ ನೂರಾರು ರಾತ್ರಿ ಉಜ್ಜಿದ್ರೆ ಏಳದೆ ಇನ್ನೇನು? ಒಮ್ಮೆ ಮರ ಕಂಡ ಮೇಲೆ ಸುತ್ತಲಿನ ಬಣ್ಣಕ್ಕೆ ಹಿಡಿತ ಇರಲ್ಲ, ಸುಣ್ಣದ ಗೋಡೆ ಥರ ಅಂಚಿಂದ ಅಂಚಿಗೆ ಏಳ್ತಾ ಹೋಗುತ್ತೆ. ಮಳೆ, ಬೆವರು, ಉಜ್ಜಾಟ ಮೂರೂ ಸೇರಿದೆ. ಇಷ್ಟು ಸಾಕು, ರಕ್ತಪರೀಕ್ಷೆ ಬೇಡ.

ಈಗಿನ ಗಿಟಾರ್‌ಗಳ ಮೇಲೆ ಪಾಲಿಯೆಸ್ಟರ್ ಅಥವಾ ಪಾಲಿಯುರಿಥೇನ್. ಅದು ಗಾಜಿನ ಬಳೆ ಇದ್ದಂಗೆ. ಸವೆಯಲ್ಲ, ಚಕ್ಕೆ ಹಾರುತ್ತೆ. ನಿನ್ನ ಮಾವಂದು ಯಾವುದು ಅಂತ ನೋಡಬೇಕಾದ್ರೆ, ಕತ್ತು ಬಿಚ್ಚಿ ಅದು ಕೂರೋ ಗುಂಡಿಯೊಳಗೆ, ಹೊರಗೆ ಕಾಣದ ಕಡೆ, ಹತ್ತಿ ಕಡ್ಡಿಯಲ್ಲಿ ಒಂದು ಹನಿ ಅಸಿಟೋನ್ ಮುಟ್ಟಿಸು. ಅಂಟಂಟಾದ್ರೆ ನೈಟ್ರೊ. ಏನೂ ಆಗ್ದಿದ್ರೆ ಪಾಲಿ. ಹೊರಗಡೆ ಮಾತ್ರ ಹಚ್ಚಬೇಡ. ಹಚ್ಚಿ ಅತ್ತವರನ್ನ ನೋಡಿದೀನಿ.

ಧಾರವಾಡ_ಜವಾರಿ

ನಮಸ್ಕಾರ್ರೀ. ನಾ ಗಿಟಾರ್ ಮಂದಿ ಅಲ್ಲ, ಸಿತಾರ ಕಲ್ಯಾಕತ್ತೀನಿ. ಆದ್ರೂ ಒಂದ್ ಪ್ರಶ್ನಿ ಐತಿ. ಆ ಗಿಟಾರ್‌ದಾಗ ಒರಿಜಿನಲ್ ಅಂತ ಉಳದದ್ದು ಎಷ್ಟ್ರೀ? ಬಣ್ಣ ಹೋತು. ಒಳಗಿಂದೂ ಬದಲ ಮಾಡ್ಯಾರಂತ ಓದೀನಿ. ಒಂಬತ್ತೂವರೆ ಕೋಟಿ ಯಾವುದಕ್ಕ ಕೊಟ್ರು?

ಬೆಸುಗೆಕಡ್ಡಿ

ಅಲ್ಲೇ ಇರೋದು ಮಜಾ.

ತಂತಿ ಬಿಗಿಯೋ ಕಿವಿಗಳು ಬದಲಾಗಿವೆ. ಫೋಟೊ ಹಿಗ್ಗಿಸಿ ನೋಡಿ, ಆರರಲ್ಲಿ ಒಂದು ಬೇರೆ ಜಾತಿದು. ಹೋಟೆಲಲ್ಲಿ ಆರು ಲೋಟದಲ್ಲಿ ಒಂದು ಬೇರೆ ಬರುತ್ತಲ್ಲ, ಹಾಗೆ. ಫ್ರೆಟ್, ಅಂದ್ರೆ ಕತ್ತಿನ ಮೇಲಿನ ಲೋಹದ ಮೆಟ್ಟಿಲು, ಎಷ್ಟು ಸಲ ಹೊಸದು ಹೊಡೆಸಿದಾರೋ. ತಂತಿ ಕೂರೋ ನಟ್ ಬದಲು. ಎದೆ ಮೇಲಿನ ಪಿಕ್‌ಗಾರ್ಡ್ ಬದಲು. 12ನೇ ಫ್ರೆಟ್‌ನ ಚುಕ್ಕಿಯೊಂದು ಬಿದ್ದುಹೋಗಿ ಪ್ಲಾಸ್ಟಿಕ್ಕಿಂದು ಕೂರಿಸಿದಾರೆ. ವೈರಿಂಗೂ ಬದಲು: ಸ್ಟ್ರಾಟ್‌ನಲ್ಲಿ ಎರಡು ಟೋನ್ ತಿರುಪು ಇರುತ್ತೆ, ರೋರಿ ಒಂದನ್ನ ಕಿತ್ತುಹಾಕಿ ಇನ್ನೊಂದನ್ನೇ ಎಲ್ಲಾ ಪಿಕಪ್‌ಗೂ (ತಂತಿ ಕೆಳಗೆ ಕೂತು ಸದ್ದು ಹಿಡಿಯೋ ಅಯಸ್ಕಾಂತದ ಸುರುಳಿ) ಮಾಡ್ಕೊಂಡಿದ್ದ. ನುಡಿಸ್ತಾ ನುಡಿಸ್ತಾ ಕಿರುಬೆರಳಲ್ಲೇ ಅದನ್ನ ತಿರುಗಿಸಿ ವಾ-ವಾ ಅನ್ನಿಸೋನು, ಪೆಡಲ್ಲೇ ಇಲ್ಲದೆ.

ಟ್ರೆಮೊಲೊ ಸೇತುವೆ ಇದೆಯಲ್ಲ, ಹಿಡಿ ಒತ್ತಿದ್ರೆ ಸ್ವರ ಜಾರೋದು, ಅದನ್ನ ಬಳಸ್ತಿರಲಿಲ್ಲ. ಹಿಂದಿನ ಗುಂಡಿಯಲ್ಲಿ ಮರದ ತುಂಡು ತುರುಕಿ ಅಲ್ಲಾಡದಂಗೆ ಮಾಡಿದ್ದ. ಸೇತುವೆ ಸ್ಪ್ರಿಂಗ್ ಮೇಲೆ ತೇಲ್ತಾ ಇದ್ರೆ ಹಾಡಿನ ಮಧ್ಯೆ ಒಂದು ತಂತಿ ಕಿತ್ತರೆ ಮಿಕ್ಕ ಐದೂ ಶ್ರುತಿ ತಪ್ಪುತ್ತೆ. ಮರ ತುರುಕಿದ್ರೆ ಆ ಕಾಟ ಇಲ್ಲ.

ಇನ್ನು ಕತ್ತು. ಬೆವರು ಕುಡಿದು ಕುಡಿದು ಅದು ಸೊಟ್ಟಗಾಗಿಬಿಟ್ಟಿತ್ತು. ಬಿಚ್ಚಿ ಪಕ್ಕಕ್ಕಿಟ್ಟು ಬೇರೆ ಕತ್ತು ಹಾಕ್ಕೊಂಡು ನುಡಿಸಿದ್ದ. ಹಳೇದು ಒಣಗಿ ತನ್ನಷ್ಟಕ್ಕೆ ನೆಟ್ಟಗಾದ ಮೇಲೆ ಮತ್ತೆ ಅದನ್ನೇ ತಂದು ಕೂರಿಸಿದ. ಬೇರೆಯವರಾಗಿದ್ರೆ ಹೊಸ ಗಿಟಾರ್ ತಗೊಳ್ಳೋರು. ದುಡ್ಡಿಗೇನು ಬರ ಇರಲಿಲ್ಲ ಆಗ.

ಧಾರವಾಡ_ಜವಾರಿ

ಹಂಗಾರ ಇದು ನಮ್ಮ ವೀಣೆ-ಸಿತಾರದ ಕತಿನೇ ಬಿಡ್ರೀ. ನಮ್ಮ ಗುರುಗಳ ಸಿತಾರದ ಕುದುರಿ ಮ್ಯಾಲ ತಂತಿ ಉಜ್ಜಿ ಉಜ್ಜಿ ಗೆರಿ ಬೀಳತಾವ, ಆಗ ದನಿ ಮೊಂಡ ಆಕ್ಕೈತಿ. ಕಾನಸಿ ತಗೊಂಡು ಮತ್ತ ಹದಾ ಮಾಡಬೇಕು, ಅದಕ್ಕ ಜವಾರಿ ತಗಸೂದು ಅಂತಾರ. ಪ್ರತಿ ಸಲ ತಗಸಿದಾಗ ದನಿ ಒಂದ್ ಕೂದಲೆಳಿ ಬ್ಯಾರೆ. ವೀಣೆಗೂ ಮೇಣ ಮೆತ್ತಗಾದ ಮ್ಯಾಲ ಮೆಟ್ಟಿಲ ಎಲ್ಲಾ ಕಿತ್ತು ಹೊಸದಾಗಿ ಮೇಳ ಕಟ್ಟತಾರ. ಹಂಗಂತ ಯಾರೂ "ಇದು ಅಜ್ಜಿ ವೀಣೆ ಅಲ್ಲ, ಬ್ಯಾರೆ ವೀಣೆ" ಅನ್ನಂಗಿಲ್ಲ.

ನುಡಿಸೋ ವಾದ್ಯಕ್ಕ ರಿಪೇರಿ ಅಂದ್ರ ಊಟ ಇದ್ದಂಗ. ಆದ್ರ ಬಣ್ಣ ಹೊಡಸೂದು ಅಂದ್ರ ಬರೇ ಪೌಡರ್ ಹಚ್ಚೂದು. ರೋರಿ ಅವರು ಊಟ ಹಾಕ್ಯಾರ, ಪೌಡರ್ ಬ್ಯಾಡಂದಾರ. ನಂಗ್ ತಿಳದದ್ದು ಇಷ್ಟ.

ಹೆಸರಿನ ಜವಾರಿ ಬಗ್ಗೆ ಕೇಳಬ್ಯಾಡ್ರಿ, ಅದು ಸಿತಾರದ್ದೂ ಹೌದು, ಜವಾರಿ ಕೋಳಿದೂ ಹೌದು.

ಲಿಫಿದಂಡೆ

ಊಟ-ಪೌಡರ್ ಮಾತು ನಮ್ಮ ಅಜ್ಜನಿಗೆ ಇಂಗ್ಲಿಷಲ್ಲಿ ಹೇಳೋಕೆ ಹೊರಟು ಸೋತೆ. ಬಿಡಿ.

ತಕರಾರು_ತಮ್ಮಣ್ಣ

ಎಲ್ಲರೂ ಭಾವುಕರಾಗ್ತಿದೀರಿ, ಸ್ವಲ್ಪ ತಣ್ಣೀರು ಹಾಕ್ತೀನಿ.

ಒಂಬತ್ತೂವರೆ ಕೋಟಿ ಬಂದದ್ದು ಸವೆದಿದ್ದಕ್ಕಲ್ಲ, ಸವೆಸಿದವನಿಗೆ. ಅದೇ ಗಿಟಾರನ್ನ ಹೆಸರಿಲ್ಲದ ಒಬ್ಬ ಹೀಗೇ ಸವೆಸಿದ್ದಿದ್ರೆ ಹಳೇ ಗಿಟಾರಿನ ವ್ಯಾಪಾರಿ ಮೂಗು ಮುರೀತಿದ್ದ. ಆ ಮಾರುಕಟ್ಟೆಯಲ್ಲಿ ಮೂಲ ಬಣ್ಣ, ಮೂಲ ಪಿಕಪ್, ಮೂಲ ಬೆಸುಗೆ ಇದ್ರೆ ಮಾತ್ರ ರೇಟು. 1965ರಲ್ಲಿ ಸಿಬಿಎಸ್ ಕಂಪನಿ ಫೆಂಡರನ್ನ ಕೊಂಡುಕೊಂಡ್ತಲ್ಲ, ಅದಕ್ಕೆ ಮುಂಚಿನವು ಅಂದ್ರೆ ಇನ್ನೂ ಹೆಚ್ಚು. ರೋರಿದು ಆ ಲೆಕ್ಕಕ್ಕೇ ಸೇರದ ವಸ್ತು.

ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್‌ನ ಕಪ್ಪು ಸ್ಟ್ರಾಟ್ ಇನ್ನೂ ದೊಡ್ಡ ಉದಾಹರಣೆ. 1970ರಲ್ಲಿ ನ್ಯೂಯಾರ್ಕಿನ ಮ್ಯಾನೀಸ್ ಅಂಗಡಿಯಲ್ಲಿ ಕೊಂಡದ್ದು. ಅದರ ಕತ್ತು ಎಷ್ಟು ಸಲ ಬದಲಾಯ್ತು, ಪಿಕಪ್ ಎಷ್ಟು ಸಲ ಬದಲಾಯ್ತು! 2019ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 39.75 ಲಕ್ಷ ಡಾಲರ್. 27 ಕೋಟಿ ದಾಟ್ತು. ದುಡ್ಡನ್ನ ಆತ ಪರಿಸರದ ಸಂಸ್ಥೆಗೆ ಕೊಟ್ಟ, ಅದು ಬೇರೆ ವಿಷಯ.

ಇನ್ನೊಂದು ತಮಾಷೆ. ಫೆಂಡರ್‌ನವರು ಕಸ್ಟಮ್ ಶಾಪಿನಲ್ಲಿ ರೋರಿ ಗಿಟಾರಿನ ನಕಲು ಮಾಡಿ ಮಾರ್ತಾರೆ. ಹೊಸ ಗಿಟಾರಿಗೆ ಹೊಸ ಬಣ್ಣ ಹೊಡೆದು, ಆಮೇಲೆ ಅದೇ ನಕ್ಷೆಯಲ್ಲಿ ಕೆರೆದು, ಆ ಬೇರೆ ಜಾತಿಯ ಕಿವಿ ಸಮೇತ! ಬೇರೆಯವನ ಬೆವರಿಗೆ ಲಕ್ಷಗಟ್ಟಲೆ ಕೊಡೋ ಜನ ಇದಾರೆ.

ಬೆಸುಗೆಕಡ್ಡಿ

ಕೊನೇ ಸಾಲಿಗೆ ನನ್ನ ಒಂದು ವೋಟು.

ಆದ್ರೆ ಗಿಲ್ಮರ್ ಹೋಲಿಕೆ ಅರ್ಧ ಸರಿ. ಗಿಲ್ಮರ್ ಹತ್ರ ನೂರಾರು ಗಿಟಾರಿದ್ವು, ಬದುಕಿದ್ದಾಗಲೇ ಮಾರಿದ. ಇಂಗ್ಲೆಂಡಿನ ಗಿಟಾರಿಸ್ಟ್ ಪೀಟರ್ ಗ್ರೀನ್‌ನ 1959ರ ಲೆಸ್ ಪಾಲ್ ಗಿಟಾರ್ ಗ್ಯಾರಿ ಮೂರ್ ಕೈಗೆ ಹೋಗಿ, ಅಲ್ಲಿಂದ ವ್ಯಾಪಾರಿಗಳ ಕೈ ದಾಟಿ, ಈಗ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಹತ್ರ ಇದೆ. ಅವಕ್ಕೂ ಕಥೆ ಇದೆ, ಇಲ್ಲ ಅನ್ನಲ್ಲ. ರೋರಿ ಹತ್ರ ಬೇರೆ ಗಿಟಾರ್ ಇರಲಿಲ್ಲ ಅಂತಲೂ ಅಲ್ಲ, ಟೆಲಿಕಾಸ್ಟರ್ ಇತ್ತು, ಇನ್ನೂ ಬೇಕಾದಷ್ಟಿತ್ತು. ಆದ್ರೆ 1963ರಲ್ಲಿ ಕಂತಿಗೆ ತಂದ ಒಂದೇ ಗಿಟಾರನ್ನ 1995ರ ಜೂನ್ 14ಕ್ಕೆ ತಾನು ತೀರಿಕೊಳ್ಳೋ ತನಕ, 32 ವರ್ಷ, ಮುಖ್ಯ ಗಿಟಾರ್ ಆಗಿ ಇಟ್ಕೊಂಡವನು. ಸತ್ತಾಗ 47 ವಯಸ್ಸು. ಹಾಗಾಗಿ ಆ ಸವೆತ ಪೂರ್ತಿ ಒಬ್ಬನದೇ ಮೈಯದ್ದು. ನನಗೆ ಅದು ಇಷ್ಟ.

ಲಿಫಿದಂಡೆ

ಅಜ್ಜ ಹೇಳಿದ ಒಂದು ಮಾತು ಸೇರಿಸ್ತೀನಿ. ಅವರು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನವರು. 70ರ ದಶಕದಲ್ಲಿ ಅಲ್ಲಿ ಬಾಂಬು, ಗುಂಡು. ಹೊರಗಿನ ತಂಡಗಳು ಆ ಊರಿನ ಕಡೆ ತಲೆ ಹಾಕ್ತಿರಲಿಲ್ಲ. ರೋರಿ ಮಾತ್ರ ಮತ್ತೆ ಮತ್ತೆ ಹೋಗಿ ಅಲ್ಸ್ಟರ್ ಹಾಲ್‌ನಲ್ಲಿ ನುಡಿಸ್ತಿದ್ದ. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎರಡೂ ಕಡೆಯ ಹುಡುಗರು ಪಕ್ಕಪಕ್ಕ ನಿಂತು ಕೇಳ್ತಿದ್ರಂತೆ. "ಆ ಗಿಟಾರಿನ ಮೇಲಿದ್ದ ಬಣ್ಣ ನಾನು ನೋಡ್ತಾ ನೋಡ್ತಾ ಹೋಯ್ತು, ಪ್ರತಿ ಸಲ ಬಂದಾಗ ಸ್ವಲ್ಪ ಕಮ್ಮಿ" ಅಂತ ಅಜ್ಜ ಕೈಯಲ್ಲಿ ಅಳತೆ ತೋರಿಸಿದ್ರು, ಡ್ರಿಪ್ ಹಾಕಿದ್ದ ಕೈ. ನಾನು "ಕೈ ಅಲ್ಲಾಡಿಸಬೇಡಿ" ಅಂತ ಬೈದೆ. 1974ರ ಐರಿಷ್ ಟೂರ್ ರೆಕಾರ್ಡಿಂಗ್‌ನಲ್ಲಿ ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್ ಮೂರೂ ಇದೆ, ಕೇಳಿ. ಈಗ ಆ ಹಾಲ್ ಹೊರಗೆ ರೋರಿ ಪ್ರತಿಮೆ ನಿಲ್ಲಿಸಿದಾರೆ, 2025ರಲ್ಲಿ. ಹುಟ್ಟಿದೂರು ಬಾಲಿಶಾನನ್‌ನಲ್ಲಿ 2010ರಿಂದಲೇ ಒಂದಿದೆ.

ಕಡಲಗಾಳಿ

ಬಣ್ಣ ಹೋದರೆ ಸೌಂಡ್ ಒಳ್ಳೆದಾಗ್ತದಾ? "ಮರ ಉಸಿರಾಡ್ತದೆ" ಅಂತೆಲ್ಲ ಹೇಳ್ತಾರಲ್ಲ.

ಬೆಸುಗೆಕಡ್ಡಿ

ಮರ ಉಸಿರಾಡೋದು ಕಾಡಲ್ಲಿದ್ದಾಗ ಸರ್. ಎಲೆಕ್ಟ್ರಿಕ್ ಗಿಟಾರಿನಲ್ಲಿ ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಅಲ್ಲಾಡುತ್ತೆ, ಅದರ ಸುತ್ತ ಸುತ್ತಿರೋ ತಾಮ್ರದ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತೆ. ಮರಕ್ಕೆ ಒಂಚೂರು ಪಾಲು ಇರಬಹುದು, ಬಣ್ಣಕ್ಕೆ ಅಂತ ಬೇರೆ ಪಾಲು ನನ್ನ ಕಿವಿಗಂತೂ ಕೇಳಿಲ್ಲ.

ರೋರಿ ಸೌಂಡಿನ ಗುಟ್ಟು ಗಿಟಾರಿನಾಚೆ ಇತ್ತು. ವಾಕ್ಸ್ ಎಸಿ30 ಆಂಪ್ಲಿಫೈಯರು, ಅದರ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನೋ ಟ್ರೆಬಲ್ ಬೂಸ್ಟರ್ ಡಬ್ಬಿ. ಡಬ್ಬಿಯೊಳಗೆ ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರು, ಒಸಿ44, ನಾಲ್ಕು ಕೆಪಾಸಿಟರು, 9 ವೋಲ್ಟ್ ಬ್ಯಾಟರಿ. ಒಳಗೆ ಬರೋ ಕೆಪಾಸಿಟರ್ ತೀರಾ ಚಿಕ್ಕದು, ಮಂದ್ರ ಅಲ್ಲೇ ತಡೆದುಹೋಗುತ್ತೆ. ಉಳಿದ ಮೇಲ್ಭಾಗ ಉಬ್ಬಿ ಹೋಗಿ ಎಸಿ30ಯನ್ನ ಕಿರುಚಿಸುತ್ತೆ. ಕ್ವೀನ್ ತಂಡದ ಬ್ರಯಾನ್ ಮೇ ಹುಡುಗನಾಗಿದ್ದಾಗ ಟೇಸ್ಟ್ ಕಾರ್ಯಕ್ರಮ ಮುಗಿದ ಮೇಲೆ ಹೋಗಿ "ಈ ಸೌಂಡ್ ಹೇಗೆ?" ಅಂತ ಕೇಳಿದ್ದಕ್ಕೆ ರೋರಿ ಮುಚ್ಚುಮರೆ ಇಲ್ಲದೆ ಹೇಳಿಕೊಟ್ಟ. ಮೇ ಹೋಗಿ ಎರಡನ್ನೂ ಹುಡುಕಿ ತಂದ. ಮುಂದಿನದು ಕ್ವೀನ್ ಕೇಳಿದವರಿಗೆಲ್ಲ ಗೊತ್ತು. ಎಷ್ಟು ಜನ ಹೀಗೆ ಹೇಳಿಕೊಡ್ತಾರೆ?

ಸ್ವಂತ ವಿಷಯ ಸ್ವಲ್ಪ: ಆ ಡಬ್ಬಿನ ನಾನು ಮನೇಲೇ ಕಟ್ಟಿದೀನಿ. ಒಸಿ44 ಬೆಲೆ ಕೇಳಿ ಕೈಬಿಟ್ಟೆ. ನಮ್ಮ ಜಾಲಹಳ್ಳಿ ಬಿಇಎಲ್‌ನವರು ಹಿಂದೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡ್ತಿದ್ರಲ್ಲ, ಎಸಿ128, ಅದನ್ನ ಎಸ್.ಪಿ. ರೋಡಿನ ಒಬ್ಬ ಅಜ್ಜನ ಅಂಗಡಿಯಲ್ಲಿ ಬಿಸ್ಕತ್ ಡಬ್ಬಿಯಿಂದ ಹೆಕ್ಕಿ ತಂದೆ. ಹನ್ನೆರಡರಲ್ಲಿ ಏಳರಲ್ಲಿ ಕರೆಂಟ್ ಸೋರುತ್ತಿತ್ತು. ಉಳಿದ ಐದರಲ್ಲಿ ಒಂದು ಮಾತ್ರ ಬೆಣ್ಣೆ. ಜರ್ಮೇನಿಯಮ್ಮಿಗೆ ಸೆಖೆ ಆಗಲ್ಲ, ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ಏಪ್ರಿಲ್ ಮಧ್ಯಾಹ್ನ ಗೊರಗೊರ ಅನ್ನುತ್ತೆ, ಡಿಸೆಂಬರ್ ರಾತ್ರಿ ದೇವರ ಹಾಗೆ ಹಾಡುತ್ತೆ. ಕಲಬುರಗಿಯವರು ಸಿಲಿಕಾನ್ ಹಾಕ್ಕೊಳ್ಳಿ.

ಧಾರವಾಡ_ಜವಾರಿ

ಕಲಬುರಗಿ ಮಂದಿ ಕೇಳಿದ್ರ ನಿಮ್ಮನ್ನ ಬಿಡಂಗಿಲ್ಲ ನೋಡ್ರಿ.

ಕಡಲಗಾಳಿ

ಮರದ ವಿಷಯ ಬಂತಲ್ಲ, ಒಂದು ಸೇರಿಸುತ್ತೇನೆ. 1961ರ ಸ್ಟ್ರಾಟ್‌ನ ಬೆರಳು ಓಡುವ ಹಲಗೆ ಬ್ರೆಜಿಲ್‌ನ ರೋಸ್‌ವುಡ್, ದಪ್ಪ ಹಲಗೆ. 1962ರ ನಡುವಿನಲ್ಲಿ ಅದನ್ನು ತೆಳ್ಳಗೆ ಮಾಡಿದರು. ಬ್ರೆಜಿಲ್‌ನ ಆ ಮರ ಕಡಿದು ಕಡಿದು ಮುಗಿಯಲಿಕ್ಕೆ ಬಂತು, 1992ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ಬೀಗ ಬಿತ್ತು. ಅದರ ಜಾಗಕ್ಕೆ ಬಂದದ್ದು ಯಾವುದು ಗೊತ್ತುಂಟಾ? ನಮ್ಮ ಘಟ್ಟದ ಬೀಟೆ. ಮೈಸೂರಿನಲ್ಲಿ ಕುಸುರಿ ಕೂರಿಸುವ ಅದೇ ಬೀಟೆ. ಪ್ರಪಂಚದ ಎಷ್ಟೋ ಗಿಟಾರುಗಳ ಮೇಲೆ ಬೆರಳು ಓಡುವುದು ನಮ್ಮ ಕಾಡಿನ ಮೇಲೆ. 2017ರಿಂದ ಬೀಟೆಯ ಇಡೀ ಕುಲಕ್ಕೇ ಕಾಗದಪತ್ರದ ನಿಯಮ ಬಂತು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಕೆಂಗೇರಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ನಾನು ಒಮ್ಮೆ ಬಣ್ಣ ಹೊಡೆಸಿದ್ದೇನೆ. ಅಣ್ಣನ ಹಳೆ ಗಿಟಾರು. ಕೊಟ್ಟ ಜನ ಒಳ್ಳೆಯವರೇ, ಗಾಡಿಗೆ ಹೊಡೆಯುವ ಬಣ್ಣ ದಪ್ಪಕ್ಕೆ ಹೊಡೆದರು. ಹೊಡೆಯುವ ಮೊದಲು ಚೆನ್ನಾಗಿ ಉಜ್ಜಿದರು, ಅಂಚು ಎಲ್ಲ ಸಾಬೂನಿನ ಹಾಗೆ ಉರುಟು. ಕತ್ತಿನ ಗುಂಡಿಯೊಳಗೂ ಬಣ್ಣ ಹೋಗಿ ಕತ್ತು ಕೂರಲಿಲ್ಲ, ಅದನ್ನು ಕೆರೆಯುವಾಗ ಗುಂಡಿ ಸಡಿಲ. ಹೊಳೆಯುತ್ತದೆ ಅಂತ ಹೊಳೆಯುತ್ತದೆ. ಅಣ್ಣ ಊರಿಗೆ ಬಂದವ ನೋಡಿದ, ಚೆನ್ನಾಗಿದೆ ಅಂದ. ಮತ್ತೆ ಮುಟ್ಟಲಿಲ್ಲ.

ತಕರಾರು_ತಮ್ಮಣ್ಣ

ಇದಕ್ಕೆ ತಕರಾರಿಲ್ಲ.

ಆದ್ರೂ ಒಂದು ಹೇಳ್ತೀನಿ. ಬರೀ ಮರ ಹಾಗೇ ಬಿಟ್ರೆ ಬೆವರು, ಥಂಡಿ ಒಳಗೆ ಹೋಗುತ್ತೆ. ಬಣ್ಣ ಬೇಡ ಅಂದ್ರೂ ಮರ ಕಾಣೋ ಜಾಗಕ್ಕೆ ಮೇಣವೋ ತೆಳ್ಳಗೆ ಎಣ್ಣೆಯೋ ಉಜ್ಜೋದ್ರಲ್ಲಿ ತಪ್ಪಿಲ್ಲ. ಒಳಗಿನ ವೈರು, ತಿರುಪು, ಫ್ರೆಟ್ಟು ಸರಿಮಾಡಿಸು. ಆರು ಸಾವಿರ ಅಲ್ಲಿಗೆ ಖರ್ಚು ಮಾಡು. ಧಾರವಾಡದವರ ಭಾಷೆಯಲ್ಲಿ ಊಟ ಹಾಕು.

ಕೆಂಗೇರಿ_ಕಾರ್ಡ್

ಎಲ್ಲರಿಗೂ ಥ್ಯಾಂಕ್ಸ್. ಪೇಂಟಿನವರಿಗೆ ಬೇಡ ಅಂದೆ, ಅವರಿಗೆ ಬೇಜಾರಾಯ್ತು, ಒಂದು ಕಾಫಿ ಕುಡಿಸಿ ಬಂದೆ.

ಅಸಿಟೋನ್ ಪರೀಕ್ಷೆ ಮಾಡಿದೆ. ಏನೂ ಆಗಲಿಲ್ಲ, ಪಾಲಿ. ಅಂದ್ರೆ ಆ ಕೋಟಿನ ಗುಂಡಿ ಎಷ್ಟು ವರ್ಷ ಉಜ್ಜಿರಬೇಕು!

ಇನ್ನೊಂದು ವಿಷಯ. ವೈರಿಂಗ್ ನೋಡೋಣ ಅಂತ ಬಿಚ್ಚಿದವನು ಹಿಂದಿನ ಮುಚ್ಚಳಾನೂ ತೆಗೆದೆ. ಸ್ಪ್ರಿಂಗ್ ಪಕ್ಕದಲ್ಲಿ ಏನೋ ತುರುಕಿದೆ. ಟಾರ್ಚ್ ಹಾಕಿ ನೋಡಿದ್ರೆ ಕ್ಯಾರಂ ಬೋರ್ಡಿನ ಅಂಚಿನ ಪಟ್ಟಿ, ಗರಗಸದಲ್ಲಿ ಕುಯ್ದಿದ್ದು, ಜೊತೆಗೆ ಸಂದಿ ತುಂಬೋಕೆ ನಾಲ್ಕಾಗಿ ಮಡಚಿದ ಬಸ್ ಟಿಕೆಟ್. ಮಾವಂಗೆ ಫೋನ್ ಮಾಡಿದೆ. "ಹಾಡಿನ ಮಧ್ಯ ತಂತಿ ಕಿತ್ರೆ ಎಲ್ಲಾ ಶ್ರುತಿ ಹೋಗೋದು ಕಣೋ, ಅದಕ್ಕೆ" ಅಂದ್ರು. ರೋರಿ ಗ್ಯಾಲಹರ್ ಹೆಸರು ಕೇಳಿದೀರಾ ಅಂದೆ. ಯಾರದು, ಯಾವ ಆರ್ಕೆಸ್ಟ್ರಾ ಅಂದ್ರು.

ಈಗ ಪ್ರಶ್ನೆ: ಆ ತುಂಡು ಸ್ವಲ್ಪ ಸಡಿಲ ಆಗಿದೆ. ತೆಗೆದು ಹೊಸ ಮರ ಹಾಕಲಾ?

ಬೆಸುಗೆಕಡ್ಡಿ

ತೆಗೀಬೇಡ. ಇನ್ನೊಂದು ಬಸ್ ಟಿಕೆಟ್ ಸೇರಿಸು.

ಧಾರವಾಡ_ಜವಾರಿ

ಈಗಿನ ಟಿಕೀಟು ಭಾಳ ತೆಳ್ಳಗ ಬರತಾವ್ರೀ, ಎರಡು ಬೇಕಾಕ್ಕಾವ.